ಪೀಟರ್ ವಾಕರ್ ಅವರ ಎರಡು ಕ್ವಾಡ್‌ಗಳು, ಎದುರಿಗೆ ಬಿಬಿಸಿಯ ಪುಟ್ಟ ಪೆಟ್ಟಿಗೆ

ಹಾಡುವ ದನಿಯೇ ನಿಮಗೆ ಮುಖ್ಯ, ಒಬ್ಬರೇ ಕೂತು ಕೇಳುತ್ತೀರಿ ಅನ್ನುವುದಾದರೆ ಪೀಟರ್ ವಾಕರ್ ಮಾಡಿದ ಹಳೆಯ ಕ್ವಾಡ್ ಇಎಸ್‌ಎಲ್ ಸ್ಪೀಕರ್ ತೆಗೆದುಕೊಳ್ಳಿ. 1957ರಲ್ಲಿ ಮಾರಾಟಕ್ಕೆ ಬಂದದ್ದು, ಈಗ ಎಲ್ಲರೂ 57 ಅಂತಲೇ ಕರೆಯುತ್ತಾರೆ. ಇದನ್ನು, ಇದರ ನಂತರ ಬಂದ ಇಎಸ್‌ಎಲ್-63ನ್ನು, ಬಿಬಿಸಿಯ ಪುಟ್ಟ ಪೆಟ್ಟಿಗೆ ಸ್ಪೀಕರ್ ಎಲ್‌ಎಸ್3/5ಎಯನ್ನು ಒಂದೇ ಕೋಣೆಯಲ್ಲಿ, ಒಂದೇ ಆಂಪ್ಲಿಫೈಯರಿಗೆ ಹಾಕಿ ಕೇಳಿದ ಮೇಲೆ ಹೇಳುತ್ತಿದ್ದೇನೆ. ನಾವಿರುವುದು ಕೇಂಬ್ರಿಜ್ ಪಕ್ಕ. ಕ್ವಾಡ್ ಕಾರ್ಖಾನೆ ಇದ್ದ ಹಂಟಿಂಗ್ಡನ್ ಇಲ್ಲಿಂದ ಹತ್ತಿರವೇ, ಹಾಗಾಗಿ ಹಳೆಯ ಜೋಡಿಗಳು ಈ ಕಡೆ ಆಗಾಗ ಸಿಗುತ್ತವೆ.

ವಾಕರ್ 1936ರಲ್ಲಿ ಲಂಡನ್ನಿನಲ್ಲಿ, ಮುಂದೆ ಕ್ವಾಡ್ ಅನ್ನಿಸಿಕೊಂಡ ಕಂಪನಿ ಶುರುಮಾಡಿದಾಗ ಅವರಿಗೆ ಇಪ್ಪತ್ತು ವರ್ಷ ಅಷ್ಟೇ. ಯುದ್ಧದಲ್ಲಿ ಬಾಂಬ್ ಬಿದ್ದ ಮೇಲೆ 1941ರಲ್ಲಿ ಹಂಟಿಂಗ್ಡನ್‌ಗೆ ಬಂದರು. 1954ರಲ್ಲಿ ವಾರ್ಫ್‌ಡೇಲ್ ಸ್ಪೀಕರ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ ಜೊತೆ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ವೇದಿಕೆ ಮೇಲಿನ ಸಂಗೀತವನ್ನೂ ಸ್ಪೀಕರಿನ ಸಂಗೀತವನ್ನೂ ಒಂದರ ಪಕ್ಕ ಒಂದು ಕೇಳಿಸಿದರು. ಮೂಲದ ಎದುರು ತಮ್ಮ ಕೆಲಸವನ್ನು ಜನರ ಮುಂದೆ ಇಡುವ ಧೈರ್ಯ ಇತ್ತಲ್ಲ, ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಅಲ್ಲಿಂದ.

ಮಾಮೂಲಿ ಸ್ಪೀಕರಿನಲ್ಲಿ ದನಿ ಹುಟ್ಟಿಸುವ ಕೋನ್ ಜೊತೆ ಪೆಟ್ಟಿಗೆಯೂ ಅದುರಿ ತನ್ನ ದನಿ ಸೇರಿಸುತ್ತದೆ. ವಾಕರ್ ಆ ಪೆಟ್ಟಿಗೆಯನ್ನೇ ತೆಗೆದುಹಾಕಿದರು. ತೂತುಗಳಿರುವ ಎರಡು ತಟ್ಟೆಗಳ ನಡುವೆ ತಲೆಗೂದಲಿಗಿಂತ ಎಷ್ಟೋ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಸಾವಿರಾರು ವೋಲ್ಟ್ (57ರಲ್ಲಿ ತಗ್ಗಿನ ದನಿ ಹೊರಡಿಸುವ ಬೇಸ್ ಪ್ಯಾನೆಲ್‌ಗೆ ಸುಮಾರು 6000), ಸಂಗೀತದ ಸಿಗ್ನಲ್ ತಟ್ಟೆಗಳಿಗೆ ಬಂದಾಗ ಹಾಳೆ ಅತ್ತಿತ್ತ ಅದುರುತ್ತದೆ. ಹಾಳೆಗೆ ಭಾರವೇ ಇಲ್ಲ ಅನ್ನಬಹುದು, ಆದ್ದರಿಂದ ದನಿ ನಿಲ್ಲಬೇಕಾದಲ್ಲಿ ಥಟ್ಟನೆ ನಿಲ್ಲುತ್ತದೆ.

ಮಲ್ಲಿಕಾರ್ಜುನ ಮನ್ಸೂರರ ಹಾಡುಗಾರಿಕೆ ಹಾಕಿದೆ. 57ರಲ್ಲಿ ತಾನ್ ತೆಗೆಯುವ ಮುಂಚೆ ಅವರು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ, ಹಿಂದೆ ತಂಬೂರಿಯ ಜವಾರಿ, ಅಂದರೆ ಝೇಂಕಾರ, ಒಂದೊಂದು ತಂತಿಗೂ ಬೇರೆಯಾಗಿ ನಿಲ್ಲುತ್ತದೆ. ಎಲ್‌ಎಸ್3/5ಎಯಲ್ಲೂ ದನಿ ಬಹಳ ಚೆನ್ನಾಗಿದೆ. ಇರಲೇಬೇಕು, 1970ರ ದಶಕದಲ್ಲಿ ಬಿಬಿಸಿ ಇಂಜಿನಿಯರುಗಳು ಅದನ್ನು ಮಾಡಿದ್ದೇ ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ದನಿ ಪರೀಕ್ಷಿಸಲು. ಒಳಗೆ ದನಿ ಹುಟ್ಟಿಸುವ ಎರಡು ಡ್ರೈವರ್‌ಗಳು ರೇಮಂಡ್ ಕುಕ್ ಕಟ್ಟಿದ ಕೆಇಎಫ್ ಕಂಪನಿಯವು. ಆದರೆ ಅದರಲ್ಲಿ ಮನ್ಸೂರರ ಎದೆಯ ದನಿ ಸ್ವಲ್ಪ ದಪ್ಪ ಆಗುತ್ತದೆ. ಆ ಪುಟ್ಟ ಪೆಟ್ಟಿಗೆಯಲ್ಲಿ ಬೇಸ್ ಇದೆ ಅನ್ನಿಸಲಿ ಅಂತ ಆ ತಗ್ಗು ಸ್ವರಗಳ ಜಾಗದಲ್ಲಿ ದನಿಯನ್ನು ತುಸು ಉಬ್ಬಿಸಿದ್ದಾರೆ, ತಂಬೂರಿಯ ತಂತಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳಿಸುತ್ತವೆ. ತಬಲಾದ ಜೊತೆಯ ಡಗ್ಗಾದ ಗುಂಕಾರವಂತೂ ಪೂರ್ತಿ ಬರುವುದೇ ಇಲ್ಲ. ಅದು 57ರಲ್ಲೂ ಪೂರ್ತಿ ಬರುವುದಿಲ್ಲ, ಬಂದಷ್ಟು ಮಾತ್ರ ಸ್ವಚ್ಛವಾಗಿ ಬರುತ್ತದೆ.

57ರ ತೊಂದರೆ ಬೇರೆ. ನನ್ನ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತರೆ ಅವಳಿಗೆ ಕೇಳಿಸುವುದು ಹೆಚ್ಚುಕಡಿಮೆ ಒಂದೇ ಕಡೆಯ ಸ್ಪೀಕರ್. ವಾಕರ್‌ಗೂ ಇದು ಗೊತ್ತಿತ್ತು. 1963ರಲ್ಲಿ ಹೊಸದರ ಕೆಲಸ ಶುರುವಾಯಿತು, ಮಾರಾಟಕ್ಕೆ ಬಂದದ್ದು 1981ರಲ್ಲಿ. ಒಂದು ಸ್ಪೀಕರಿಗೆ ಅಷ್ಟು ವರ್ಷ ಯಾರು ಕಾಯುತ್ತಾರೆ ಹೇಳಿ! 63ರಲ್ಲಿ ತಟ್ಟೆಯನ್ನು ಉಂಗುರಗಳಾಗಿ ಒಡೆದು, ನಡುವಿನಿಂದ ಹೊರಕ್ಕೆ ಒಂದೊಂದಕ್ಕೂ ಸಿಗ್ನಲ್ ಸ್ವಲ್ಪ ಸ್ವಲ್ಪ ತಡವಾಗಿ ಹೋಗುವಂತೆ ಮಾಡಿದರು, ಕೆರೆಗೆ ಕಲ್ಲು ಹಾಕಿದಾಗ ಅಲೆ ಹರಡುತ್ತದಲ್ಲ ಹಾಗೆ. ದನಿ ಪ್ಯಾನೆಲ್‌ನ ಹಿಂದೆ 30 ಸೆಂ.ಮೀ. ದೂರದ ಒಂದೇ ಬಿಂದುವಿನಿಂದ ಹೊರಟಂತೆ ಬರುತ್ತದೆ. ಈಗ ಸೋಫಾದಲ್ಲಿ ಇಬ್ಬರೂ ಕೂತು ಕೇಳಬಹುದು. ಡಗ್ಗಾದ ದನಿಯೂ ಹೆಚ್ಚು ಕೆಳಗೆ ಇಳಿಯುತ್ತದೆ, ವಾಲ್ಯೂಮ್ ಕೂಡ ಜಾಸ್ತಿ ಮಾಡಬಹುದು. ಇಂಜಿನಿಯರಿಂಗ್ ಲೆಕ್ಕದಲ್ಲಿ ಇದೇ ದೊಡ್ಡ ಕೆಲಸ, ಅನುಮಾನವಿಲ್ಲ. ಆದರೂ ದನಿಗೆ 57ರಲ್ಲಿ ಇರುವ ಸಲಿಗೆ ನನಗೆ 63ರಲ್ಲಿ ಸಿಗಲಿಲ್ಲ. ಗಾಯಕ ಎರಡು ಹೆಜ್ಜೆ ಹಿಂದೆ ಸರಿದು ನಿಂತಂತೆ ಅನ್ನಿಸಿತು.

ಜಾಗ ಕಡಿಮೆ ಇದ್ದರೆ ಚರ್ಚೆ ಬೇಡ, ಎಲ್‌ಎಸ್3/5ಎ ತೆಗೆದುಕೊಂಡು ಒಳ್ಳೆಯ ಸ್ಟ್ಯಾಂಡ್ ಮೇಲೆ ಇಡಿ. ಕ್ವಾಡ್ ಎರಡೂ ಹಿಂದಕ್ಕೂ ಮುಂದಕ್ಕೂ ದನಿ ಬಿಡುತ್ತವೆ, ಗೋಡೆಗೆ ಒತ್ತಿ ಇಟ್ಟರೆ ಎಲ್ಲಾ ಕೆಡುತ್ತದೆ. 57ಕ್ಕೆ ದೊಡ್ಡ ಆಂಪ್ಲಿಫೈಯರ್ ಹಾಕಲೇಬೇಡಿ. ಅದು ಬಂದದ್ದು ವಾಕರ್ ಅವರದೇ 15 ವಾಟಿನ ಕ್ವಾಡ್ 2 ಆಂಪ್ಲಿಫೈಯರಿನ ಕಾಲದಲ್ಲಿ, ಮಿತಿ ಮೀರಿದರೆ ಒಳಗೆ ಕಿಡಿ ಹಾರಿ ಹಾಳೆ ಸುಡುತ್ತದೆ. ಹಳೆಯದು ನೋಡಲು ಹೋದಾಗ ಒಂದು ಗಂಟೆ ಮೊದಲೇ ಪ್ಲಗ್ ಹಾಕಿಡಲು ಹೇಳಿ, ಹೋದ ಮೇಲೆ ಸಂಗೀತ ಹಾಕದೆ ಕಿವಿ ಹತ್ತಿರ ಹಿಡಿದು ಕೇಳಿ. ಟಿಕ್ ಟಿಕ್ ಅಥವಾ ಚರ್‌ಚರ್ ಅಂದರೆ, ಎರಡರಲ್ಲಿ ಒಂದರ ಸದ್ದು ಕಡಿಮೆ ಇದ್ದರೆ, ಪ್ಯಾನೆಲ್ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಹೊಸ ಹಾಳೆ ಹಾಕಿಕೊಡುವವರು ಈಗಲೂ ಇದ್ದಾರೆ.