ನಾಲ್ಕು ಮಳೆಗಾಲ ಕಂಡ 12 ಟನ್ನಿನ ಏರ್ ಕ್ಯಾಸ್ಟರ್ ಸೆಟ್ಟು

ಮಂಗಳೂರಿನ ಬೈಕಂಪಾಡಿಯ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಮುದ್ರಣಾಲಯಗಳಲ್ಲಿ ಲೇತು, ಪವರ್ ಪ್ರೆಸ್ಸು, ಕಟಿಂಗ್ ಮೆಷಿನ್ನುಗಳ ಜಾಗ ಬದಲಿಸಲು ನಾಲ್ಕು ವರ್ಷದಿಂದ ಬಳಕೆಯಲ್ಲಿರುವ ಏರ್ ಕ್ಯಾಸ್ಟರ್ ಸೆಟ್ಟು ಇದು, ಅಂದರೆ ಭಾರದ ಮೆಷಿನ್ನನ್ನು ಗಾಳಿಯ ಪದರದ ಮೇಲೆ ತೇಲಿಸಿ ಸರಿಸುವ ಸಾಧನ. ಮೆಷಿನ್ನಿನ ಅಡಿಗೆ ಇಡುವ ನಾಲ್ಕು ಮಾಡ್ಯೂಲು, ಒಂದೊಂದೂ 53 ಸೆಂ.ಮೀ. ಚೌಕ, ಒಂದರ ಮೇಲೆ 3 ಟನ್. ಜೊತೆಗೆ ಒಂದೊಂದು ಮಾಡ್ಯೂಲಿನ ಗಾಳಿ ಹೆಚ್ಚುಕಡಿಮೆ ಮಾಡಲು ನಾಲ್ಕು ರೆಗ್ಯುಲೇಟರಿನ ಒಂದು ಕನ್ಸೋಲು, ನಾಲ್ಕು ಹೋಸು. 5ರಲ್ಲಿ 4 ಅಂಕ ಕೊಡಬಹುದು. ಆದರೆ ಕೊಳ್ಳುವವರು ಕ್ಯಾಟಲಾಗು ಬಿಚ್ಚುವ ಮೊದಲು ತಮ್ಮ ನೆಲ ನೋಡಬೇಕು. ನಾಲ್ಕು ವರ್ಷದಲ್ಲಿ ಕೆಲಸ ಕೆಟ್ಟದ್ದೆಲ್ಲ ಹೆಚ್ಚುಕಡಿಮೆ ನೆಲದಿಂದಲೇ.

ಮಾಡ್ಯೂಲಿನ ಅಡಿಯಲ್ಲಿರುವುದು ಉದ್ದಿನ ವಡೆಯ ಆಕಾರದ ಚೀಲ. ಗಾಳಿ ಬಿಟ್ಟಾಗ ಅದು ಉಬ್ಬಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ನಡುವಿನ ತೂತಿನಲ್ಲಿ ಒತ್ತಡ ಕಟ್ಟುತ್ತದೆ. ಒತ್ತಡ ಭಾರಕ್ಕೆ ಸಮವಾದ ಮೇಲೆ ಉಳಿದ ಗಾಳಿ ಚೀಲದ ಅಂಚಿನಡಿಯಿಂದ ಸುತ್ತಲೂ ಸೋರಿ ಹೋಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ತೆಳುವಾದ ಆ ಪದರದ ಮೇಲೆ ಮೆಷಿನ್ನು ತೇಲುತ್ತದೆ. ಸರಿಯಾದ ನೆಲದಲ್ಲಿ 1 ಟನ್ನಿಗೆ 1ರಿಂದ 3 ಕೆ.ಜಿ. ತಳ್ಳು ಸಾಕು. 8 ಟನ್ನಿನ ಮೆಷಿನ್ನನ್ನು ಇಬ್ಬರು ತಳ್ಳಿ, ನಿಂತಲ್ಲೇ ತಿರುಗಿಸಿ ಗೋಡೆಯ ಮೂಲೆಗೆ ಸೇರಿಸಬಹುದು. ಪೈಪು ಉರುಳಿಸಿ ಹಾರೆಯಲ್ಲಿ ಮೀಟುವಾಗ ಈ ತಿರುವಿಗೇ ಅರ್ಧ ದಿನ ಹೋಗುತ್ತಿತ್ತು. ಅಷ್ಟು ಭಾರಕ್ಕೆ ಬೇಕಾದ ಒತ್ತಡ ಕೇವಲ 1.1 ಬಾರ್. ಭಾರ ಹರಡಿಕೊಳ್ಳುವುದರಿಂದ ನೆಲಕ್ಕೆ ಗೀರು ಬೀಳುವುದಿಲ್ಲ.

ಒತ್ತಡ ಕಡಿಮೆಯಾದರೂ ಗಾಳಿಯ ಪ್ರಮಾಣ ಬಹಳ ಬೇಕು. ನಾಲ್ಕಕ್ಕೂ ಸೇರಿ ಒಳ್ಳೆಯ ನೆಲದಲ್ಲೇ 80ರಿಂದ 100 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), ಒರಟು ನೆಲದಲ್ಲಿ ಅದರ ದುಪ್ಪಟ್ಟು. ವರ್ಕ್‌ಶಾಪಿನ 7.5 ಎಚ್‌ಪಿ ಕಂಪ್ರೆಸರು ಕೊಡುವುದು 25ರಿಂದ 30 ಅಷ್ಟೇ. ಕಲ್ಲು ಕೊರೆಯುವ ಟ್ರ್ಯಾಕ್ಟರ್ ಕಂಪ್ರೆಸರು ಬಾಡಿಗೆಗೆ ತಂದರೆ ಗಾಳಿ ಧಾರಾಳ, ಆದರೆ ಅದರಲ್ಲಿ ಎಣ್ಣೆ ಬರುತ್ತದೆ. ಆಯಿಲ್ ಫಿಲ್ಟರು, ನೀರು ಬೇರ್ಪಡಿಸುವ ಬಟ್ಟಲು ಎರಡನ್ನೂ ಕನ್ಸೋಲಿನ ಮುಂಚೆ ಕೂರಿಸಿ. ಜೂನ್‌ ಜುಲೈಯ ಹವೆಯಲ್ಲಿ ಆ ಬಟ್ಟಲನ್ನು ಅರ್ಧ ಗಂಟೆಗೊಮ್ಮೆ ಖಾಲಿ ಮಾಡಬೇಕಾಗುತ್ತದೆ.

ಈಗ ನೆಲ. ಹಳೆ ಮನೆಗಳ ಕಾವಿ ನೆಲದಷ್ಟು ನುಣುಪು ಸಿಕ್ಕರೆ ಭಾಗ್ಯ. ನಮ್ಮ ಶೆಡ್ಡುಗಳಲ್ಲಿ ಸಿಗುವುದು ಐಪಿಎಸ್ ಕಾಂಕ್ರೀಟು (ಮೇಲೆ ಸಿಮೆಂಟು ಉಜ್ಜಿ ನಯ ಮಾಡಿದ ನೆಲ), ಅದರಲ್ಲಿ ಸೀಳು, ಎಕ್ಸ್‌ಪಾನ್ಶನ್ ಜಾಯಿಂಟು, ಅಲ್ಲಲ್ಲಿ ಎದ್ದ ಹಳೆಯ ಬೋಲ್ಟಿನ ತುದಿ. ಸೀಳಿನ ಮೇಲೆ ಚೀಲ ಬಂದ ಕೂಡಲೇ ಗಾಳಿ ಅದರೊಳಗೆ ನುಗ್ಗಿ ಆ ಮೂಲೆ ಕೂತುಬಿಡುತ್ತದೆ. ಸಣ್ಣ ಸೀಳಿಗೆ ಪುಟ್ಟಿ ತುಂಬಿ ಅಗಲದ ಟೇಪು ಹಾಕಿದರಾಯಿತು. ಉಳಿದೆಡೆ 22 ಗೇಜಿನ ಜಿಐ ಶೀಟು ಹಾಸಬೇಕು. ಹಂಚು ಹೊದಿಸುವಾಗ ಮೇಲಿನ ಸಾಲು ಕೆಳಗಿನದರ ಮೇಲೆ ಕೂರುತ್ತದಲ್ಲ, ಹಾಗೆ ಹೊರಡುವ ಕಡೆಯ ಶೀಟು ಮುಂದಿನದರ ಮೇಲೆ ಬರಬೇಕು. ಆಗ ಚೀಲ ಅಂಚಿನಿಂದ ಕೆಳಕ್ಕೆ ಇಳಿಯುತ್ತದೆ. ಉಲ್ಟಾ ಹಾಸಿದರೆ ಅಂಚು ಚೀಲಕ್ಕೇ ಎದುರಾಗುತ್ತದೆ. ಕೂಡುವಲ್ಲಿ ಉದ್ದಕ್ಕೂ ಟೇಪು.

ಇಳಿಜಾರಿನ ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮಳೆನೀರು ಹೋಗಲೆಂದು ಇಲ್ಲಿನ ಶೆಡ್ಡುಗಳ ನೆಲಕ್ಕೆ ಚರಂಡಿಯ ಕಡೆ ವಾಟ ಕೊಟ್ಟಿರುತ್ತಾರೆ. 100ಕ್ಕೆ 1 ವಾಟ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ 8 ಟನ್ ತೇಲುತ್ತಿರುವಾಗ ಅದು 80 ಕೆ.ಜಿ. ಎಳೆತ. ಇಬ್ಬರು ಹಿಡಿದು ನಿಲ್ಲಿಸುವ ಮಾತಲ್ಲ. ಟ್ಯೂಬ್ ಲೆವೆಲ್‌ನಲ್ಲಿ ದಾರಿಯುದ್ದಕ್ಕೂ ಅಳೆದು, ಎತ್ತರದ ಕಡೆಯಿಂದ ಕೈ ವಿಂಚಿನ ರೋಪು ಕಟ್ಟಿಯೇ ಗಾಳಿ ಬಿಡಿ. ಬ್ರೇಕು ಎಂದರೆ ಮೇನ್ ವಾಲ್ವು ಮುಚ್ಚುವುದು ಒಂದೇ, ಹಾಗಾಗಿ ಅದರ ಮೇಲೊಬ್ಬರ ಕೈ ಸದಾ ಇರಬೇಕು. ತಲೆಭಾರದ ಪವರ್ ಪ್ರೆಸ್ಸನ್ನು ವೇಗದಲ್ಲಿದ್ದಾಗ ಹಾಗೆ ದಿಢೀರನೆ ಕೂರಿಸಿದರೆ ಮಗುಚಬಹುದು. ಅದನ್ನು ಇಂಚಿಂಚಾಗಿಯೇ ಸರಿಸಬೇಕು. ಕರೆಂಟು ಹೋದರೆ ಮೆಷಿನ್ನು ಸುಮಾರು 20 ಮಿ.ಮೀ. ಇಳಿದು ಮಾಡ್ಯೂಲಿನ ಪಾದಗಳ ಮೇಲೆ ಕೂರುತ್ತದೆ. ಅಡಿಯಲ್ಲಿ ಕೈಕಾಲು ಇರಕೂಡದು.

ಎತ್ತುವಾಗ ಟೋ ಜಾಕಿನಲ್ಲಿ (ನೆಲಮಟ್ಟದ ತುಟಿಯಿಂದ ಎತ್ತುವ ಜಾಕು) 60 ಮಿ.ಮೀ. ಎಬ್ಬಿಸಿ, ಮಾಡ್ಯೂಲುಗಳನ್ನು ಬೆಡ್ಡಿನ ಗಟ್ಟಿ ಪಕ್ಕೆಗಳ ಕೆಳಗೇ ತಳ್ಳಿ. ತೆಳು ತಗಡಿನ ತಳವಿದ್ದರೆ ನಡುವೆ ಐಎಸ್‌ಎಂಬಿ ತೊಲೆ (I ಆಕಾರದ ಉಕ್ಕಿನ ತೊಲೆ) ಕೊಡಿ. ನಾಲ್ಕೂ ರೆಗ್ಯುಲೇಟರು ಸೊನ್ನೆಯಲ್ಲಿಟ್ಟು ಮೇನ್ ವಾಲ್ವು ತೆರೆದು, ಭಾರದ ಬದಿಯಿಂದ ಶುರುಮಾಡಿ ಒಂದೊಂದೇ ಏರಿಸಿ. ಲೇತಿನಲ್ಲಿ ಹೆಡ್‌ಸ್ಟಾಕ್ ಬದಿಗೆ, ಅಂದರೆ ಚಕ್ಕು ತಿರುಗುವ ಭಾರದ ತುದಿಗೆ, ಹೆಚ್ಚು ಬೇಕು. ಗೇಜಿಗಿಂತ ಕಿವಿ ನಂಬಿಗಸ್ತ. ನಾಲ್ಕೂ ಕಡೆ ಒಂದೇ ಸಮ ಸುಯ್ಯೆಂದರೆ ಸರಿ. ಗಡಗಡ ಕುಣಿಯತೊಡಗಿದರೆ ಆ ಮೂಲೆಗೆ ಗಾಳಿ ಜಾಸ್ತಿಯಾಗಿದೆ, ಇಲ್ಲವೇ ಕೆಳಗಿನ ಶೀಟು ನೆಲಕ್ಕೆ ಕೂತಿಲ್ಲ. ಸದ್ದೇ ಬಾರದ ಮೂಲೆ ಇನ್ನೂ ತೇಲಿಲ್ಲ. ಹಾಗೆಯೇ ಎಳೆದರೆ ಚೀಲದ ಹೊಟ್ಟೆ ಸವೆಯುತ್ತದೆ.

ಚೀಲ ಹಾಳುಮಾಡುವ ದೊಡ್ಡ ವೈರಿ ಲೇತಿನ ಸುರುಳಿ ಚೂರು, ಆಮೇಲೆ ಕೆಂಪುಕಲ್ಲಿನ ಪುಡಿ. ಗುಡಿಸಿದರೆ ಸಾಲದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನೆಲ ಒದ್ದೆಯಿದ್ದರೆ ತೊಂದರೆಯಿಲ್ಲ, ಕೆಸರಿದ್ದರೆ ತೊಂದರೆ. ನಾಲ್ಕು ವರ್ಷದಲ್ಲಿ ಎರಡು ಚೀಲ ಬದಲಾಗಿವೆ, ಎರಡೂ ಕಬ್ಬಿಣದ ಚೂರಿಗೆ ಸೀಳಿದವು. ಈ ಯುರೆಥೇನ್ ಲೇಪದ ಬಟ್ಟೆಗೆ ಪಂಕ್ಚರ್ ಪ್ಯಾಚು ನಿಲ್ಲಲಿಲ್ಲ. ಮಾಡ್ಯೂಲು ಮಗುಚಿ ಸ್ಕ್ರೂ ಬಿಚ್ಚಿ ಹೊಸದು ಹಾಕಲು ಹದಿನೈದು ನಿಮಿಷ ಸಾಕು. ಗೇಜುಗಳ ಮುಳ್ಳು ಮಾತ್ರ ಉಪ್ಪುಗಾಳಿಗೆ ಎರಡನೇ ವರ್ಷಕ್ಕೇ ಅಂಟಿಕೊಂಡಿತು. ಗ್ಲಿಸರಿನ್ ತುಂಬಿದ ಗೇಜು ಹಾಕಿದ ಮೇಲೆ ಸುಧಾರಿಸಿತು. ಒಂದು ಅಂಕ ಕಡಿಮೆ ಮಾಡಿದ್ದು ಇದಕ್ಕೇ. ಕರಾವಳಿಗೆ ಮಾರುವ ಸೆಟ್ಟಿನಲ್ಲಿ ಒಣ ಗೇಜು ಇರಬಾರದು. ಮಳೆಗಾಲದಲ್ಲಿ ಮಾಡ್ಯೂಲುಗಳನ್ನು ಒರೆಸಿ ಒಣಗಿಸಿ, ಚೀಲ ಮೇಲ್ಮುಖವಾಗಿ, ಮುಚ್ಚಳವಿರುವ ತಗಡಿನ ಪೆಟ್ಟಿಗೆಯಲ್ಲಿಡಿ. ಮರದ ಪೆಟ್ಟಿಗೆಗೆ ಬೂಷ್ಟು ಬರುತ್ತದೆ, ಹೆಗ್ಗಣವೂ ಬರುತ್ತದೆ.

ವರ್ಷಕ್ಕೆ ಐದಾರು ಸಲವಾದರೂ ಮೆಷಿನ್ನು ಸರಿಸುವವರಿಗೆ ಕೊಳ್ಳುವುದು ಲಾಭ. ಒಂದೇ ಸಲದ ಕೆಲಸಕ್ಕೆ, ಅದೂ ಅಂಗಳ ದಾಟಿಸುವುದಿದ್ದರೆ, ಭಾರ ಸಾಗಿಸುವುದರಲ್ಲಿ ಪಳಗಿದ ಖಲಾಸಿ ಕೆಲಸಗಾರರನ್ನು ಕರೆಸುವುದೇ ಸರಿ. ಆರ್ಡರು ಕೊಡುವಾಗಲೇ ಎರಡು ಬಿಡಿ ಚೀಲ ಸೇರಿಸಿ ತರಿಸಿ. ಆಮದು ಮಾಲು, ಆಮೇಲೆ ಬೇಕೆಂದರೆ ವಾರಗಟ್ಟಲೆ ಕಾಯಬೇಕಾಗುತ್ತದೆ.