ಇನ್‌ಸ್ಟಾಕ್ಸ್ ಮಿನಿ ಇವೊ: ಡಿಜಿಟಲ್ ಕ್ಯಾಮೆರಾದ ಹೊಟ್ಟೆಯಲ್ಲಿ ಫಿಲ್ಮು

ಇನ್‌ಸ್ಟಾಕ್ಸ್ ಮಿನಿ ಇವೊ ಕೊಳ್ಳುವವರು ಒಂದು ವಿಷಯ ಮೊದಲೇ ತಿಳಿದಿರಬೇಕು: ಇದರ ಜೀವಾಳ ಇರುವುದು, ಚಿತ್ರವನ್ನು ಫಿಲ್ಮ್ ಹಾಳೆಯ ಮೇಲೆ ಮೂಡಿಸುವ ಒಳಗಿನ ಪ್ರಿಂಟರಿನಲ್ಲಿ. ಫ್ಯೂಜಿಫಿಲ್ಮ್ 2021ರ ಕೊನೆಗೆ ಜಪಾನಿನಲ್ಲಿ ಬಿಡುಗಡೆ ಮಾಡಿದ ಈ ಯಂತ್ರದ ಸೆನ್ಸರ್, ಎಂದರೆ ಬೆಳಕು ಹಿಡಿಯುವ ಚಿಪ್, ಬರೀ 1/5 ಇಂಚಿನದು. ಚಿತ್ರದ ಅಳತೆ 2560 × 1920 ಪಿಕ್ಸೆಲ್, ಅಂದರೆ ಸುಮಾರು 5 ಮೆಗಾಪಿಕ್ಸೆಲ್. ಸಾಧಾರಣ ಮೊಬೈಲ್ ಕೂಡ ಇದಕ್ಕಿಂತ ಹೆಚ್ಚು ವಿವರ ಹಿಡಿಯುತ್ತದೆ. ಆದರೆ ಚಿತ್ರ ಕೊನೆಗೆ ಮೂಡುವುದು 62 × 46 ಮಿಲಿಮೀಟರ್ ಜಾಗದಲ್ಲಿ. ಅಲ್ಲಿ ಬೀಳುವುದು 600 × 1600 ಚುಕ್ಕೆಗಳು, ಎಂದರೆ ಹತ್ತು ಲಕ್ಷಕ್ಕೂ ಕಡಿಮೆ. ಅಷ್ಟಕ್ಕೆ ಈ ಸೆನ್ಸರ್ ಧಾರಾಳವಾಗಿ ಸಾಕು.

ಈ ಲೆಕ್ಕಾಚಾರದ ಹಿಂದೆ ಒಂದು ಉದ್ಯಮದ ಬದುಕುಳಿದ ಕಥೆ ಇದೆ. ಫಿಲ್ಮ್ ತಯಾರಿಕೆಯ ದೈತ್ಯ ಕೊಡಾಕ್ 1975ರಲ್ಲೇ ತನ್ನ ಪ್ರಯೋಗಾಲಯದಲ್ಲಿ ಡಿಜಿಟಲ್ ಕ್ಯಾಮೆರಾ ಕಟ್ಟಿತ್ತು. ಆದರೂ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಬಣ್ಣದ ಫಿಲ್ಮಿನ ಬೇಡಿಕೆ 2000ದ ಹೊತ್ತಿಗೆ ತುದಿ ಮುಟ್ಟಿ ಕುಸಿಯತೊಡಗಿದಾಗ, ಫ್ಯೂಜಿಫಿಲ್ಮ್ ತನ್ನ ರಸಾಯನಶಾಸ್ತ್ರದ ಅನುಭವವನ್ನು ಎಲ್‌ಸಿಡಿ ಪರದೆಯ ಪದರಗಳಿಗೂ ಚರ್ಮದ ಆರೈಕೆಯ ಉತ್ಪನ್ನಗಳಿಗೂ ತಿರುಗಿಸಿತು. 1998ರಲ್ಲಿ ಶುರುವಾಗಿದ್ದ, ಚಿತ್ರ ತಾನಾಗೇ ಮೂಡುವ ಇನ್‌ಸ್ಟಾಕ್ಸ್ ಫಿಲ್ಮನ್ನು ಮಾತ್ರ ಕೈಬಿಡಲಿಲ್ಲ. ಇವೊ ಆ ನಿರ್ಧಾರದ ಅತ್ಯಂತ ಜಾಣ ಫಲ ಎಂಬುದು ನಮ್ಮ ಅಭಿಪ್ರಾಯ. ತೆಗೆಯುವುದು ಡಿಜಿಟಲ್, ಮೂಡುವುದು ಅದೇ ಹಳೆಯ ಮಿನಿ ಫಿಲ್ಮಿನಲ್ಲಿ.

ಮಾಮೂಲಿ ಇನ್‌ಸ್ಟಾಕ್ಸ್‌ನಲ್ಲಿ ಶಟರ್ ಒತ್ತಿದರೆ ಒಂದು ಹಾಳೆ ಖರ್ಚಾಯಿತು ಎಂದೇ ಅರ್ಥ. ಕಣ್ಣು ಮುಚ್ಚಿದ್ದರೂ ಅಷ್ಟೇ, ಬೆರಳು ಅಡ್ಡ ಬಂದಿದ್ದರೂ ಅಷ್ಟೇ. ಇವೊದಲ್ಲಿ 3 ಇಂಚಿನ ಪರದೆಯ ಮೇಲೆ ನೋಡಿ, ಬೇಕಾದದ್ದನ್ನು ಆರಿಸಿ, ಪ್ರಿಂಟ್ ಲಿವರ್ ಎಳೆಯಬೇಕು. ಒಂದೇ ಚಿತ್ರದ ನಾಲ್ಕು ಪ್ರತಿ ಬೇಕೆಂದರೂ ಆಗುತ್ತದೆ. 10 ಲೆನ್ಸ್ ಎಫೆಕ್ಟ್, 10 ಫಿಲ್ಮ್ ಎಫೆಕ್ಟ್ ಇವೆ. ಮಸುಕು, ಕನ್ನಡಿ ಬಿಂಬದಂಥವು ಬೇಗ ಬೇಸರ ತರಿಸುತ್ತವೆ, ಕಪ್ಪುಬಿಳುಪು ಮಾತ್ರ ನಿಜಕ್ಕೂ ಚೆನ್ನಾಗಿದೆ.

ಈಗ ಫಿಲ್ಮಿನ ವಿಷಯ, ಹೆಚ್ಚಿನ ತಪ್ಪುಗಳು ಆಗುವುದೇ ಇಲ್ಲಿ. ಪ್ಯಾಕಿನಲ್ಲಿ 10 ಹಾಳೆ. ಪ್ಯಾಕಿನ ಹಳದಿ ಗುರುತು ಕ್ಯಾಮೆರಾದೊಳಗಿನ ಹಳದಿ ಗುರುತಿಗೆ ಹೊಂದುವಂತೆ ಕೂರಿಸಬೇಕು. ಹಿಡಿಯುವಾಗ ಅಂಚುಗಳನ್ನಷ್ಟೇ ಹಿಡಿಯಿರಿ, ಹಿಂಬದಿಯ ಎರಡು ಕಿಂಡಿಗಳನ್ನು ಒತ್ತಬೇಡಿ. ಮೊದಲು ಹೊರಬರುವುದು ಕಪ್ಪು ಮುಚ್ಚಳದ ಹಾಳೆ. ಅದರಲ್ಲಿ ಚಿತ್ರ ಇರುವುದಿಲ್ಲ. ಪ್ಯಾಕ್ ಮುಗಿಯುವ ಮುನ್ನ ಹಿಂಬಾಗಿಲು ತೆರೆದರೆ ಬೆಳಕು ಬಿದ್ದು ಉಳಿದ ಹಾಳೆಗಳು ಬಿಳಿಚಿಕೊಳ್ಳುತ್ತವೆ.

ಹಾಳೆ ಹೊರಬರುವಾಗ ಎರಡು ರೋಲರುಗಳ ನಡುವೆ ಸಿಕ್ಕಿ, ಅಂಚಿನ ಚೀಲದಲ್ಲಿರುವ ರಾಸಾಯನಿಕ ಲೇಪ ಸಮವಾಗಿ ಹರಡುತ್ತದೆ. ಹೊರಬರುವ ಕಿಂಡಿಗೆ ಬೆರಳು ಅಡ್ಡವಾದರೆ, ಅಥವಾ ಹಾಳೆಯನ್ನು ಮಧ್ಯದಲ್ಲಿ ಜಗ್ಗಿದರೆ, ಲೇಪ ಅಡ್ಡಾದಿಡ್ಡಿಯಾಗಿ ಗೆರೆ ಬೀಳುತ್ತದೆ. ಪ್ರತಿ ಹಾಳೆಯಲ್ಲೂ ಸಮಾನ ಅಂತರದಲ್ಲಿ ಚುಕ್ಕೆ ಕಂಡರೆ ರೋಲರಿಗೆ ಕೊಳೆ ಅಂಟಿದೆ ಎಂದು ತಿಳಿಯಿರಿ. ಪ್ಯಾಕ್ ಮುಗಿದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಚಿತ್ರ ಮೂಡಲು ಸುಮಾರು 90 ಸೆಕೆಂಡ್ ಬೇಕು. ಹಾಳೆ ಅಲ್ಲಾಡಿಸಿದರೆ ಬೇಗ ಮೂಡುತ್ತದೆ ಎನ್ನುವುದು ಸುಳ್ಳು; ಬಾಗಿದರೆ ಹಾಳಾಗುವುದಂತೂ ನಿಜ. ಚಳಿಯಲ್ಲಿ ಬಣ್ಣ ಸರಿಯಾಗಿ ಏಳುವುದಿಲ್ಲ, ಹಾಗಾಗಿ ಮೈಶಾಖ ತಾಗುವ ಒಳಜೇಬಿನಲ್ಲಿಟ್ಟುಕೊಳ್ಳಿ. ಹಾಳೆಯನ್ನು ಕತ್ತರಿಸಬೇಡಿ, ಒಳಗಿರುವುದು ಕ್ಷಾರದ ಲೇಪ. ಚರ್ಮಕ್ಕೆ ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಬೇಕು. ವಿಮಾನ ಪ್ರಯಾಣದಲ್ಲಿ ಫಿಲ್ಮನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿಡಿ; ಬೆಳಕಿಗೆ ಬೇಗ ಸ್ಪಂದಿಸುವ ಐಎಸ್‌ಒ 800ರ ಫಿಲ್ಮಿಗೆ ಲಗೇಜಿನ ಎಕ್ಸ್‌-ರೇ ಅಪಾಯಕಾರಿ.

ಪರದೆಯ ಮೇಲೆ ಚೆಂದ ಕಂಡ ಚಿತ್ರ ಫಿಲ್ಮಿನಲ್ಲಿ ಕಪ್ಪಾಗುವುದು ಸಾಮಾನ್ಯ ದೂರು. ಬೆಳಕುನೆರಳಿನ ವ್ಯಾಪ್ತಿ ಫಿಲ್ಮಿನಲ್ಲಿ ಕಡಿಮೆ, ನೆರಳಿನ ಭಾಗ ಮುಚ್ಚಿಹೋಗುತ್ತದೆ. ಮುಖಗಳಿಗೆ ಎಕ್ಸ್‌ಪೋಷರನ್ನು, ಎಂದರೆ ಚಿತ್ರದ ಬೆಳಕಿನ ಮಟ್ಟವನ್ನು, ತುಸು ಹೆಚ್ಚಿಸಿ ತೆಗೆದರೆ ಸರಿಹೋಗುತ್ತದೆ. ಫ್ಲ್ಯಾಶ್ ಒಂದೂವರೆ ಮೀಟರಿನಾಚೆ ಹೆಚ್ಚು ಉಪಯೋಗಕ್ಕೆ ಬಾರದು.

ಕೊರತೆಗಳೂ ಸಣ್ಣವಲ್ಲ. ಒಳಗಿನ ಮೆಮೊರಿಯಲ್ಲಿ ಹಿಡಿಸುವುದು ಸುಮಾರು 45 ಚಿತ್ರ, ಹಾಗಾಗಿ ಮೈಕ್ರೊ ಎಸ್‌ಡಿ ಕಾರ್ಡ್ ಬೇಕೇ ಬೇಕು. ಆ್ಯಪ್ ಮೂಲಕ ಮೊಬೈಲಿಗೆ ಬರುವುದು ಪ್ರಿಂಟ್ ಮಾಡಿದ ಚಿತ್ರ ಮಾತ್ರ. ಉಳಿದವಕ್ಕೆ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಬೇಕು. ಫಿಲ್ಮ್ ಮಾರಾಟಕ್ಕಾಗಿ ಕಟ್ಟಿದ ಬೇಲಿಯಂತೆ ಕಾಣುವ ಈ ನಿರ್ಬಂಧ ನಮಗೆ ಸರಿಯೆನಿಸುವುದಿಲ್ಲ. 2021ರ ಮಾದರಿಗೆ ಚಾರ್ಜಿಂಗ್ ಮೈಕ್ರೊ ಯುಎಸ್‌ಬಿಯಲ್ಲಿ, ಬ್ಯಾಟರಿಯನ್ನು ಬಳಕೆದಾರರು ಬದಲಿಸುವಂತಿಲ್ಲ. ಪೂರ್ತಿ ಚಾರ್ಜಿಗೆ ಸುಮಾರು 100 ಪ್ರಿಂಟ್ ಬರುತ್ತವೆ, ಇದು ಸಾಕಷ್ಟಾಯಿತು.

ಚಿತ್ರ ತೆಗೆಯಲು ಮೊಬೈಲೇ ಸಾಕು, ಕೈಗೆ ಪ್ರಿಂಟ್ ಸಿಕ್ಕರಾಯಿತು ಎನ್ನುವವರು ಇದೇ ಫಿಲ್ಮ್ ಬಳಸುವ ಮಿನಿ ಲಿಂಕ್ ಪ್ರಿಂಟರ್ ಕೊಳ್ಳಲಿ. ಕ್ಯಾಮೆರಾ ಹಿಡಿದು, ಆರಿಸಿ, ಲಿವರ್ ಎಳೆಯುವ ಸುಖ ಬೇಕೆನ್ನುವವರಿಗೆ ಇವೊ.