ಇನ್ಸುಲಿನ್ ಪೆನ್ನಿಗೊಂದು ನೀರಿನ ಚೀಲ: ದಾವಣಗೆರೆಯ ಬಿಸಿಲಿಗೆ ತಡೆಯುತ್ತದೆಯೇ?

ಕರೆಂಟು ಬೇಡ, ಐಸ್ ಬೇಡ, ಬ್ಯಾಟರಿ ಬೇಡ ಎಂದು ಹೇಳಿ ಮಾರುವ ಇನ್ಸುಲಿನ್ ಕೂಲಿಂಗ್ ಪೌಚ್ ಕುರಿತ ಅನುಭವ ಇದು. ಬಟ್ಟೆಯ ಚೀಲ, ಅದರ ಪದರಗಳ ನಡುವೆ ಸಣ್ಣ ಹರಳುಗಳನ್ನು ತುಂಬಿ ಹೊಲಿದಿರುತ್ತಾರೆ. ನೀರಿನಲ್ಲಿ ನೆನೆಸಿದರೆ ಹರಳುಗಳು ನೀರು ಕುಡಿದು ಉಬ್ಬುತ್ತವೆ. ಆ ನೀರು ನಿಧಾನವಾಗಿ ಆವಿಯಾಗುತ್ತಾ ಒಳಗಿರುವ ಇನ್ಸುಲಿನ್ ಪೆನ್ನುಗಳ (ಇನ್ಸುಲಿನ್ ತುಂಬಿದ, ಪೆನ್ನಿನಾಕಾರದ ಚುಚ್ಚುಮದ್ದಿನ ಸಾಧನ) ಬಿಸಿಯನ್ನು ಹೀರಿಕೊಳ್ಳುತ್ತದೆ. ಹಲವು ಕಂಪನಿಗಳವು ಆನ್‌ಲೈನ್‌ನಲ್ಲಿ ಸಿಗುತ್ತವೆ. ಎಲ್ಲವೂ ಕೆಲಸ ಮಾಡುವ ಬಗೆ ಒಂದೇ ಆದ್ದರಿಂದ ನನ್ನದರ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ.

ನನ್ನ ಮನೆ ದಾವಣಗೆರೆಯಲ್ಲಿ, ಕೆಲಸ ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ದಿನಾ ಬಸ್ಸಿನ ಓಡಾಟ. ಎಂಟನೆಯ ವಯಸ್ಸಿನಿಂದ, ಅಂದರೆ 1986ರಿಂದ ಇನ್ಸುಲಿನ್ ಮೇಲೆಯೇ ಬದುಕಿದ್ದೇನೆ. ನನ್ನದು ಟೈಪ್ 1 ಮಧುಮೇಹ, ಅಂದರೆ ದೇಹವೇ ಇನ್ಸುಲಿನ್ ತಯಾರಿಸದ ಬಗೆಯದು. ಆದ್ದರಿಂದ ಮಾತ್ರೆ, ಪಥ್ಯ, ನಡಿಗೆ ಇವು ಯಾವುವೂ ಅದರ ಬದಲಿಗೆ ಬರುವುದಿಲ್ಲ. ಹಾಗಲಕಾಯಿ ರಸವೂ ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ಅದನ್ನು ನಂಬುವುದಿಲ್ಲ, ಅದು ಬೇರೆ ಮಾತು. ಬ್ಯಾಗಿನಲ್ಲಿ ಯಾವಾಗಲೂ ಎರಡು ಪೆನ್ನುಗಳಿರುತ್ತವೆ: ಊಟಕ್ಕೆ ಮುಂಚೆ ತೆಗೆದುಕೊಳ್ಳುವುದು ಒಂದು, ಇಡೀ ದಿನಕ್ಕೆ ಆಗುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಇನ್ನೊಂದು. ಹಾಗಾಗಿ ಎರಡು ಪೆನ್ನು ಹಿಡಿಸುವ ಅಳತೆಯ ಚೀಲವನ್ನೇ ತರಿಸಿಕೊಂಡೆ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್‌ನಲ್ಲಿ ಇರಬೇಕು. ಬಳಕೆಗೆ ತೆಗೆದ ಪೆನ್ನನ್ನು ಹೊರಗಿಡಬಹುದು, ಆದರೆ ಶಾಖ 30 ಡಿಗ್ರಿ ದಾಟಬಾರದು. ಹೆಚ್ಚಿನವಕ್ಕೆ 28 ದಿನಗಳ ಗಡುವು. ಏಪ್ರಿಲ್‌ನಲ್ಲಿ ನಮ್ಮ ಕಡೆ ನೆರಳಿನಲ್ಲೇ 38 ಡಿಗ್ರಿ ದಾಟುವ ದಿನಗಳುಂಟು. ಇನ್ನು ಸ್ಕೂಟರಿನ ಡಿಕ್ಕಿ, ಬಸ್ಸಿನ ಬಾನೆಟ್ ಪಕ್ಕದ ಜಾಗ ಇವುಗಳ ಬಗ್ಗೆ ಹೇಳುವುದೇ ಬೇಡ. ಬಿಸಿಗೆ ಕೆಟ್ಟ ಇನ್ಸುಲಿನ್ ಹಾಲಿನ ಹಾಗೆ ಒಡೆದು ತೋರಿಸುವುದಿಲ್ಲ. ಎಷ್ಟೋ ಬಾರಿ ನೋಡಲು ಮೊದಲಿನಷ್ಟೇ ತಿಳಿಯಾಗಿರುತ್ತದೆ, ಶಕ್ತಿ ಮಾತ್ರ ಇಳಿದಿರುತ್ತದೆ. ಅದೇ ಊಟ, ಅಷ್ಟೇ ಯೂನಿಟ್ ಇನ್ಸುಲಿನ್, ಆದರೂ ರಕ್ತದ ಸಕ್ಕರೆ ಅಳೆಯುವ ಮೀಟರ್ 300 ತೋರಿಸುತ್ತದೆ. ಆಗ ನಾವು ಅನ್ನವನ್ನು ಬೈಯುತ್ತೇವೆ, ಮಂಡಕ್ಕಿಯನ್ನು ಬೈಯುತ್ತೇವೆ, ಮನೆಯವರು ನಮ್ಮನ್ನು ಬೈಯುತ್ತಾರೆ. ಪೆನ್ನಿನ ಮೇಲೆ ಅನುಮಾನ ಬರುವುದು ಕೊನೆಗೆ. ಟೈಪ್ 1 ಇರುವವರಿಗೆ ಇದು ಬರೀ ಅಂಕಿಯ ಪ್ರಶ್ನೆಯಲ್ಲ. ದೇಹದಲ್ಲಿ ಸ್ವಂತ ಇನ್ಸುಲಿನ್ ಇಲ್ಲದ ಕಾರಣ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಆಸ್ಪತ್ರೆ ಸೇರಲು ಬಹಳ ಹೊತ್ತು ಬೇಕಾಗುವುದಿಲ್ಲ.

ಇಂಥ ಚೀಲದ ಅಜ್ಜಿಯನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೇನೆ. ಆಗ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಮ್ಮ ಅಗಲ ಬಾಯಿಯ ಮಣ್ಣಿನ ಮಡಕೆಗೆ ಮರಳು ತುಂಬಿ, ನೀರು ಹನಿಸಿ, ಅದರ ನಡುವೆ ಸ್ಟೀಲ್ ಡಬ್ಬಿಯಲ್ಲಿ ಇನ್ಸುಲಿನ್ ಬಾಟಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಗಾಳಿ ಆಡುವ ಕಿಟಕಿಯ ಕೆಳಗೆ ಅದರ ಜಾಗ. ಗಾಜಿನ ಸಿರಿಂಜನ್ನು ಕುದಿಸಿ, ಬೆಳಗಿನ ಮೂತ್ರಕ್ಕೆ ಸಕ್ಕರೆ ಪತ್ತೆ ಮಾಡುವ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿ, ಬಣ್ಣ ನೀಲಿಯೋ ಹಸಿರೋ ಇಟ್ಟಿಗೆ ಕೆಂಪೋ ಎಂದು ನೋಡುತ್ತಿದ್ದ ಕಾಲ ಅದು. ಮಡಕೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಅದನ್ನು ಹೊತ್ತುಕೊಂಡು ಬಸ್ಸು ಹತ್ತುವುದು ಹೇಗೆ? ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುವುದೆಂದರೆ ಅಲ್ಲಿ ಇನ್ನೊಂದು ಮಡಕೆ ಸಿದ್ಧವಾಗಬೇಕಿತ್ತು. ಈ ಚೀಲ ಮಾಡುವುದೂ ಮಡಕೆಯ ಕೆಲಸವನ್ನೇ. ಹೆಚ್ಚುವರಿಯಾಗಿ ಹೆಗಲ ಬ್ಯಾಗಿನಲ್ಲಿ ಕೂರುತ್ತದೆ.

ಕಂಪನಿಯವರ ಕಾಗದವನ್ನು ಪೂರ್ತಿ ನಂಬದೆ ಒಳಗೊಂದು ಪುಟ್ಟ ಥರ್ಮಾಮೀಟರ್ ಇಟ್ಟು ನೋಡಿದೆ. ಸ್ಟಾಫ್ ರೂಮಿನಲ್ಲಿ 37 ಡಿಗ್ರಿ ಇದ್ದ ಮಧ್ಯಾಹ್ನ ಚೀಲದೊಳಗೆ 26ರ ಆಸುಪಾಸಿನಲ್ಲಿತ್ತು. ನನಗೆ ಬೇಕಾದದ್ದು ಅಷ್ಟೇ. ಫ್ರಿಜ್‌ನ ಚಳಿಯನ್ನು ಇದರಿಂದ ನಿರೀಕ್ಷಿಸಬಾರದು; ತಿಂಗಳುಗಟ್ಟಲೆ ಇಡುವ ಪೆಟ್ಟಿಗೆಗಳ ಜಾಗ ಫ್ರಿಜ್ಜೇ, ಅದೂ ಫ್ರೀಜರ್‌ಗೆ ತಾಗದ ಕಡೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಥರ್ಮಾಸ್ ಫ್ಲಾಸ್ಕಿಗೆ ಐಸ್ ಹಾಕಿ ಅದರಲ್ಲಿ ಪೆನ್ನು ಒಯ್ಯುವವರಿಗೆ ಇರುವ ಅಪಾಯವೂ ಅದೇ. ಈ ಚೀಲದಲ್ಲಿ ಆ ಭಯವಿಲ್ಲ ಎನ್ನುವುದು ಇದರ ದೊಡ್ಡ ಗುಣ.

ನೀರಿನ ವಿಷಯ ಯಾವ ಕಾಗದದಲ್ಲೂ ಸರಿಯಾಗಿ ಬರೆದಿಲ್ಲ. ಭದ್ರಾ ನಾಲೆಯಿಂದ ಬರುವ ನಗರದ ನಲ್ಲಿ ನೀರಿನಲ್ಲಿ ನೆನೆಸಿದರೆ ಹತ್ತು ನಿಮಿಷದಲ್ಲಿ ಹರಳುಗಳು ಚೆನ್ನಾಗಿ ಉಬ್ಬುತ್ತವೆ. ಶಾಲೆಯ ಬೋರ್‌ವೆಲ್ ನೀರಿನಲ್ಲಿ ಅಷ್ಟು ಉಬ್ಬುವುದಿಲ್ಲ, ಬೇಗ ಒಣಗುತ್ತದೆ, ಮೇಲೆ ಬಿಳಿ ಉಪ್ಪಿನ ಗೆರೆ ಮೂಡುತ್ತದೆ. ಈ ಹರಳುಗಳು ಲವಣ ಹೆಚ್ಚಿರುವ ಗಡಸು ನೀರನ್ನು ಕಡಿಮೆ ಹೀರುತ್ತವೆ. ಹಾಗಾಗಿ ಫಿಲ್ಟರ್ ನೀರೇ ಒಳ್ಳೆಯದು. ಅತಿಯಾಗಿಯೂ ನೆನೆಸಬಾರದು: ಚೀಲ ದಪ್ಪವಾಗಿ ಪೆನ್ನು ಒಳಗೆ ಹೋಗಲು ಒಪ್ಪುವುದಿಲ್ಲ.

ತೊಂದರೆಗಳೂ ಇವೆ. ಮೊದಲನೆಯದು ಒದ್ದೆ. ಎಷ್ಟು ಒರೆಸಿದರೂ ಹೊರಕವಚ ತೇವವಾಗಿಯೇ ಇರುತ್ತದೆ, ಉತ್ತರಪತ್ರಿಕೆಗಳ ಜೊತೆ ಇಡುವಂತಿಲ್ಲ. ಒದ್ದೆಯಾಗುತ್ತದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ಗಾಳಿ ತಾಗದೆ ಚೀಲದ ಉದ್ದೇಶವೇ ಹಾಳು. ಬ್ಯಾಗಿನ ಹೊರಜೇಬಿನಲ್ಲಿ, ಬಾಯಿ ತೆರೆದಂತೆ ಇಡುವುದೇ ಸರಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಮೇಡಂ, ನಿಮ್ಮ ಕಂಪಾಸ್ ಪೆಟ್ಟಿಗೆ ಯಾಕೆ ಒದ್ದೆಯಾಗಿದೆ?" ಎಂದು ಕೇಳಿದಳು. ನಾನು ವಿಜ್ಞಾನದ ಮೇಷ್ಟ್ರು. ಬಾಷ್ಪೀಕರಣದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ.

ಎರಡನೆಯದು ಹವೆ. ಫೆಬ್ರವರಿಯಿಂದ ಮೇ ತನಕ ನಮ್ಮ ಒಣಗಾಳಿಯಲ್ಲಿ ಚೀಲ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನ ತಂಗಿಯ ಮನೆಗೆ ಒಯ್ದಾಗ ಹೆಚ್ಚು ಉಪಯೋಗವಾಗಲಿಲ್ಲ; ಗಾಳಿಯಲ್ಲೇ ಅಷ್ಟು ತೇವವಿದ್ದರೆ ಚೀಲದ ನೀರು ಹೋಗುವುದಾದರೂ ಎಲ್ಲಿಗೆ? ಕರಾವಳಿಯವರು ಖರೀದಿಸುವ ಮುನ್ನ ಯೋಚಿಸಬೇಕು. ದಾವಣಗೆರೆಯಲ್ಲೂ ಜುಲೈ ಜಡಿಮಳೆಯಲ್ಲಿ ಒಣಗಿಸಿ ತೆಗೆದಿಡುತ್ತೇನೆ. ಆಗ ಪೆನ್ನಿಗೆ ಬೇರೆ ರಕ್ಷಣೆ ಬೇಕಾಗುವುದಿಲ್ಲ, ಜೊತೆಗೆ ಒದ್ದೆಯಾಗಿಯೇ ಬಿಟ್ಟ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ.

ಬೆಲೆ, ಒಂದು ತುಂಡು ಬಟ್ಟೆಗೆ ನೋಡಿದರೆ ಹೆಚ್ಚೇ. ಬಿಸಿಲಿಗೆ ಕೆಟ್ಟು ಎಸೆಯಬೇಕಾದ ಪೆನ್ನುಗಳ ಲೆಕ್ಕ ಹಾಕಿದರೆ ಹೆಚ್ಚಲ್ಲ. ಮನೆ, ಅಂಗಡಿ ಎಂದು ಒಂದೇ ಕಡೆ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಕುಂಬಾರರ ಹತ್ತಿರ ಮಡಕೆ ಕೊಳ್ಳಿ, ದಿನಾ ನೀರು ಹನಿಸಿ, ಸಾಕು. ಬಸ್ಸಿನಲ್ಲಿ, ಹೊಲದಲ್ಲಿ, ಬಿಸಿಲಲ್ಲಿ ಅಲೆದು ದುಡಿಯುವವರು, ಶಾಲೆಗೆ ಪೆನ್ನು ಒಯ್ಯುವ ಮಕ್ಕಳ ತಂದೆತಾಯಿ ಕೊಳ್ಳಬಹುದು. ತಿಳಿ ಬಣ್ಣದ್ದನ್ನು ಆರಿಸಬೇಡಿ, ಬೋರ್‌ವೆಲ್ ನೀರಿನ ಕಲೆ ತೊಳೆದರೂ ಹೋಗುವುದಿಲ್ಲ.